ತುಂಬಿದ ಬುಟ್ಟಿಗೆ ಏಳದ ಅಡ್ಡಮರಕ್ಕೆ

ಕಂಚಿಹಳ್ಳ, ಸಾಗರ ತಾಲ್ಲೂಕು
೨೧ ನವೆಂಬರ್ ೧೯೬೬

ಇವರಿಗೆ,
ಶ್ರೀಮದ್ ಬಿದಿರಿನ ಅಡ್ಡಮರದವರು,
ಸಾಗರ–ಹೊಸನಗರ ತಾಲ್ಲೂಕುಗಳ ಗಡಿ, ಕಂಚಿಹಳ್ಳದ ಗೇಟು.

ಮಾನ್ಯರೇ,

ಮಳೆಯಲ್ಲಿ ನೆನೆಯುತ್ತ, ಬಿಸಿಲಿನಲ್ಲಿ ಸೀಳುತ್ತ, ಲಾರಿಗಳ ಹೊಗೆ ನುಂಗುತ್ತ ರಸ್ತೆಗೆ ಅಡ್ಡಲಾಗಿ ಮಲಗಿ ದೇಶಸೇವೆ ಮಾಡುತ್ತಿರುವ ತಮ್ಮ ಪಾದಾರವಿಂದಗಳಿಗೆ, ತಮಗೆ ಪಾದಗಳೇ ಇಲ್ಲವಾದ್ದರಿಂದ ತಮ್ಮ ಬುಡಕ್ಕೆ ಭಾರವಾಗಿ ಕಟ್ಟಿರುವ ದುಂಡುಗಲ್ಲಿಗೆ, ಕಂಚಿಹಳ್ಳದ ಮಾಸ್ತಪ್ಪನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವು ಈ ಕಡೆ ಎಲ್ಲರೂ ಕ್ಷೇಮ. ಆ ಕಡೆಯವರ ಕ್ಷೇಮ ವಿಚಾರಿಸಲು ಪರವಾನಗಿ ಬೇಕೋ ಬೇಡವೋ ತಿಳಿಯದ್ದರಿಂದ ವಿಚಾರಿಸಿಲ್ಲ.

ನನ್ನನ್ನು ತಾವು ಬಲ್ಲಿರಿ. ವಾರಕ್ಕೆ ನಾಲ್ಕು ಸಲ ತಮ್ಮ ಹೊಟ್ಟೆಯಡಿ ಬಗ್ಗಿ, ಗುದ್ದಲಿ ಹಿಡಿದು ಆ ಕಡೆಯ ಗದ್ದೆಗೆ ಹೋಗುವ ಬೋಳುತಲೆಯವನೇ ನಾನು. ಲಿಂಗನಮಕ್ಕಿಯ ನೀರು ಏರಿ ನಮ್ಮೂರು ಮುಳುಗಿದ ಕಾಲದಲ್ಲಿ, ನಾಲ್ಕನೆಯ ತರಗತಿ ಓದಿದವನು ನಾನೊಬ್ಬನೇ ಇದ್ದುದರಿಂದ, ಊರಿನವರ ಅರ್ಜಿಗಳನ್ನೆಲ್ಲ ನಾನೇ ಬರೆದೆ. ಆಗಿನಿಂದ 'ಮಾನ್ಯರೇ' ಎಂದು ಶುರುಮಾಡದೆ ನನ್ನ ಕೈಗೆ ಬರವಣಿಗೆಯೇ ಓಡುವುದಿಲ್ಲ. ಮಗಳಿಗೆ ಕಾಗದ ಬರೆದರೂ 'ಮಾನ್ಯರೇ' ಎಂದೇ ಬರೆಯುತ್ತೇನೆಂದು ಅಳಿಯಂದಿರು ನಗುತ್ತಾರೆ. ಮುಳುಗಡೆಯ ನೀರು ನಮ್ಮ ಗೇಣಿ ಗದ್ದೆಗಳನ್ನೆಲ್ಲ ನುಂಗಿ, ಹೊಸನಗರದ ಕಡೆಯ ದಿಬ್ಬದ ಮೇಲಿನ ಹದಿನೆಂಟು ಗುಂಟೆಯನ್ನು ಮಾತ್ರ ಏಕೋ ಮರೆತು ಬಿಟ್ಟುಹೋಯಿತು. ಮನೆ ಕಟ್ಟಿಕೊಳ್ಳಲು ಜಾಗ ಸಿಕ್ಕಿದ್ದು ಸಾಗರದ ಕಡೆ. ಹೀಗೆ ನಾವು ಉಣ್ಣುವುದು ಒಂದು ತಾಲ್ಲೂಕಿನಲ್ಲಿ, ಬೆಳೆಯುವುದು ಇನ್ನೊಂದರಲ್ಲಿ. ಕಳೆದ ಬೇಸಿಗೆಯಲ್ಲಿ ಅಕ್ಕಿಗೆ ತತ್ವಾರ ಬಂದು, ಒಂದು ತಾಲ್ಲೂಕಿನ ಅಕ್ಕಿ ಇನ್ನೊಂದಕ್ಕೆ ಕದ್ದು ಹೋಗಬಾರದೆಂದು ತಮ್ಮನ್ನು ಆ ಎರಡರ ನಡುವೆ ತಂದು ಮಲಗಿಸಿದರು.

ಈ ದೂರನ್ನು ತಹಸೀಲ್ದಾರರಿಗೆ ಬರೆಯಬಹುದಿತ್ತು. ಆದರೆ ತಹಸೀಲ್ದಾರರಿಗೆ ವರ್ಗವಾಗುತ್ತದೆ, ಇನ್ಸ್‌ಪೆಕ್ಟರರಿಗೆ ಭೇದಿಯಾಗುತ್ತದೆ, ಗುಮಾಸ್ತರಿಗೆ ಮದುವೆಯಾಗುತ್ತದೆ. ತಮಗೆ ಇದಾವುದೂ ಆಗದು. ರಜೆ ಹಾಕದ, ಲಂಚ ಮುಟ್ಟದ, ಊಟಕ್ಕೆಂದು ಏಳದ ಅಧಿಕಾರಿಯನ್ನು ನನ್ನ ಐವತ್ತೆರಡು ವರ್ಷದಲ್ಲಿ ಕಂಡದ್ದು ಇದೇ ಮೊದಲು. ಅದಕ್ಕಾಗಿ ನೇರವಾಗಿ ತಮಗೇ ಬರೆದು, ಒಂದು ಪ್ರತಿಯನ್ನು ಸೊಸೈಟಿಯ ಗೋಡೆಗೆ ಅಂಟಿಸಿದ್ದೇನೆ. ಓದು ಬಂದವರು ಓದಿಕೊಳ್ಳಲಿ, ಬಾರದವರು ಓದಿಸಿಕೊಳ್ಳಲಿ.

ಸೊಸೈಟಿಗೆ ಮೂರು ದಿನ ತಡವಾಗಿ ಬರುವ ಪತ್ರಿಕೆಯನ್ನು ಊರಿಗೆಲ್ಲ ಓದಿ ಹೇಳುವವನೂ ನಾನೇ. ಕಳೆದ ಜೂನ್ ತಿಂಗಳಲ್ಲಿ ನಮ್ಮ ರೂಪಾಯಿಯ ಬೆಲೆ ಇಳಿಸಿದರಲ್ಲ, ಆವತ್ತಿನಿಂದ ಪತ್ರಿಕೆಯ ಭಾಷೆಯೇ ಬದಲಾಯಿತು. ಕಟ್ಟಳೆಗಳನ್ನು ಸಡಿಲಿಸಬೇಕು, ಲೈಸೆನ್ಸುಗಳನ್ನು ಕಡಿಮೆ ಮಾಡಬೇಕು, ಸರಕು ಸರಾಗವಾಗಿ ಓಡಾಡಬೇಕು, ಲೋಕದ ಮಾರುಕಟ್ಟೆಯಲ್ಲಿ ನಾವೂ ಪೈಪೋಟಿಗೆ ನಿಲ್ಲಬೇಕು ಎಂದು ದೊಡ್ಡವರೆಲ್ಲ ಹೇಳತೊಡಗಿದರು. ತಲೆ ತಗ್ಗಿಸಿದರೆ ಎದೆಯೆತ್ತಿ ನಿಲ್ಲಬಹುದು ಎನ್ನುವ ಈ ಲೆಕ್ಕ ನನಗೆ ತಿಳಿಯಲಿಲ್ಲ, ಆದರೂ ಊರಿನವರಿಗೆ ಗಂಟಲು ಸರಿಮಾಡಿಕೊಂಡು ವಿವರಿಸಿದೆ. ಅಷ್ಟು ದೊಡ್ಡ ರೂಪಾಯಿಯೇ ಬಗ್ಗಿತು, ತಾವು ಮಾತ್ರ ಬಗ್ಗಲೂ ಇಲ್ಲ, ಏಳಲೂ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆಯನ್ನು ಮಾಡಿದವರು ತಮ್ಮನ್ನು ನೋಡಿಯೇ ಮಾಡಿರಬೇಕು.

ಆಗಸ್ಟ್ ತಿಂಗಳಲ್ಲಿ ರಫ್ತು ಹೆಚ್ಚಿಸುವ ಯಾವುದೋ ಕಚೇರಿಯಿಂದ ಕೋಟು ತೊಟ್ಟ ಸಾಹೇಬರೊಬ್ಬರು ಬಂದರು. ಅವರ ಜೀಪಿಗೆ ತಾವು ಎದ್ದ ಚಂದವನ್ನು ನಾನು ಕಣ್ಣಾರೆ ಕಂಡೆ. ಗಂಧದ ಕೆತ್ತನೆ ನೋಡಲು ಸಾಗರಕ್ಕೆ ಬಂದವರು, ಮಳೆ ಹೊಡೆತಕ್ಕೆ ನಮ್ಮ ಜಗಲಿ ಹತ್ತಿದರು; ಹತ್ತಿದವರು ಮಾಡಿನ ಕೆಳಗೆ ತೂಗುಬಿಟ್ಟಿದ್ದ ಬುಟ್ಟಿಯನ್ನು ಕಂಡು ಕಾಫಿಯನ್ನೇ ಮರೆತರು. ಅದು ನನ್ನ ಹೆಂಡತಿ ಗುತ್ಯಮ್ಮ ಬರೆದ ಭೂಮಣ್ಣಿ ಬುಟ್ಟಿ. ಬುಟ್ಟಿಗೆ ಸಗಣಿ ಮೆತ್ತಿ, ಕೆಮ್ಮಣ್ಣು ಬಳಿದು, ಅಕ್ಕಿಯನ್ನು ನುಣ್ಣಗೆ ಅರೆದ ಹಿಟ್ಟಿನಲ್ಲಿ ನಾರಿನ ಕುಂಚ ಅದ್ದಿ ಅವಳು ಎಳೆಯುವ ಬಿಳಿಗೆರೆಗಳು ಒಂದಕ್ಕೊಂದು ತಾಕುವುದಿಲ್ಲ, ಒಂದನ್ನೊಂದು ಬಿಟ್ಟೂ ಇರುವುದಿಲ್ಲ. ಇಂಥ ಬುಟ್ಟಿ ಪರದೇಶದ ಅಂಗಡಿಯಲ್ಲಿ ಇಟ್ಟರೆ ಯಾವ ದೇಶವೂ ಪೈಪೋಟಿಗೆ ಬರಲಾರದು, ಇದರಿಂದ ದೇಶಕ್ಕೆ ವಿದೇಶೀ ಹಣ ಬರುತ್ತದೆ ಎಂದು ಸಾಹೇಬರು ಹೇಳಿದಾಗ ನಾನು ಹಿಗ್ಗಿದ್ದು ಸುಳ್ಳಲ್ಲ. ಗುತ್ಯಮ್ಮ ಮಾತ್ರ ಬಾಗಿಲ ಹಿಂದಿನಿಂದ, "ಅದ್ರಾಗೆ ಅವ್ರು ಎಂತ ತುಂಬ್ತಾರಂತೆ, ಕೇಳಿ" ಎಂದಳು. ಏನೂ ತುಂಬುವುದಿಲ್ಲ, ಗೋಡೆಗೆ ತೂಗುಹಾಕಿ ನೋಡುತ್ತಾರೆ ಎಂದು ಸಾಹೇಬರು ನಕ್ಕರು.

ತಮಗೆ ಹೆಂಡತಿ ಮಕ್ಕಳಿಲ್ಲದ್ದರಿಂದ ಆ ಬುಟ್ಟಿಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಸೀಗೆ ಹುಣ್ಣಿಮೆಯ ಹೊತ್ತಿಗೆ ಭತ್ತ ಹೊಡೆಯಾಗಿ, ತೆನೆ ಇನ್ನೂ ಒಡಲಲ್ಲೇ ಇದ್ದು, ಭೂಮಿ ತುಂಬು ಬಸುರಿಯಾಗಿರುತ್ತಾಳೆ. ಬಸುರಿಗೆ ಬಯಕೆಯ ಊಟ ಇಡದ ಮನೆ ಉಂಟೇ? ನೂರೊಂದು ಬಗೆಯ ಸೊಪ್ಪಿನ ಕುಡಿ ತಂದು ಬೇಯಿಸಿ, ಅನ್ನಕ್ಕೆ ಕಲಸಿ ಚರಗ ಮಾಡಿ, ಹಲಸಿನೆಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸಿ, ಎಲ್ಲವನ್ನೂ ಆ ಬುಟ್ಟಿಯಲ್ಲಿ ತುಂಬಿ, ಬೆಳಕು ಹರಿಯುವ ಮುಂಚೆ ಹೊತ್ತು ಗದ್ದೆಗೆ ಹೋಗಿ ಬೀರುತ್ತೇವೆ. ಒಂದು ಕಡುಬನ್ನು ಗದ್ದೆಯ ಮೂಲೆಯಲ್ಲಿ ಹೂತಿಟ್ಟು, ಕೊಯ್ಲಿನ ದಿನ ಅಗೆದು ಮನೆಗೆ ತಂದು ಹಂಚುತ್ತೇವೆ. ನಮ್ಮ ಮನೆಯ ಪದ್ಧತಿಯಲ್ಲಿ ಬುಟ್ಟಿ ಹೊತ್ತವಳು ಗದ್ದೆ ಮುಟ್ಟುವವರೆಗೆ ಮಾತಾಡಕೂಡದು, ಹೊರಟ ಬುಟ್ಟಿ ಹಿಂದಕ್ಕೆ ತಿರುಗಕೂಡದು. ಗುತ್ಯಮ್ಮ ಮದುವೆಯಾಗಿ ಬಂದ ಮೂವತ್ತೆರಡು ವರ್ಷಗಳಲ್ಲಿ ಒಂದು ವರ್ಷವೂ ತಪ್ಪಿಸಿದವಳಲ್ಲ. ಮುಳುಗಡೆಯ ವರ್ಷ, ಬೇರೆ ಗದ್ದೆಗಳೆಲ್ಲ ನೀರಿನಡಿ ಹೋಗಿದ್ದಾಗಲೂ, ಈ ಹದಿನೆಂಟು ಗುಂಟೆಗೆ ಎಲ್ಲದರ ಪಾಲನ್ನೂ ಬಡಿಸಿ ಬಂದಿದ್ದಳು.

ಸಾಹೇಬರು ಇಪ್ಪತ್ತೈದು ಬುಟ್ಟಿ ಬೇಕೆಂದರು. ನಮ್ಮ ಕೇರಿಯ ಹೆಂಗಸರು ಒಂದು ತಿಂಗಳು ಕೂತು ಬರೆದರು. ಸಾಹೇಬರು ಕಳಿಸಿದ ಕೆಂಪು ಮೊಹರಿನ ಚೀಟಿಗಳಲ್ಲಿ 'ರಫ್ತಿನ ಸರಕು, ತಡೆಯಕೂಡದು' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಒಂದೊಂದು ಬುಟ್ಟಿಗೂ ಒಂದೊಂದು ಚೀಟಿ ಅಂಟಿಸಿದೆ, ಒಂದು ಚೀಟಿ ನನ್ನಲ್ಲಿ ಮಿಕ್ಕಿತು. ಹೊಸನಗರದ ಮೇಲೆ ಹೋಗುವ ಲಾರಿಯಲ್ಲಿ ಆ ಬುಟ್ಟಿಗಳು ಬಂದಾಗ ತಾವು ಎಷ್ಟು ಚುರುಕಾಗಿ ಎದ್ದಿರಿ! ತಮ್ಮ ಕಾವಲಿನ ಬೆಳ್ಳಪ್ಪ ಚಿಲುಮೆಯನ್ನು ಬೆನ್ನಹಿಂದೆ ಮುಚ್ಚಿಟ್ಟುಕೊಂಡು ಸಲಾಮು ಹೊಡೆದ. ಬುಟ್ಟಿಯ ಮೈಮೇಲಿನ ಬಿಳಿಗೆರೆಯೂ ಅಕ್ಕಿಯೇ ಅಲ್ಲವೇ ಎಂದು ಆಗ ತಮಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಪರದೇಶಕ್ಕೆ ಹೊರಟ ಅಕ್ಕಿಗೆ ಅಡ್ಡ ಬರುವುದು ನನಗೂ ಸರಿಯೆನಿಸಲಿಲ್ಲ.

ಇನ್ನು ನನ್ನ ತಪ್ಪನ್ನು ಹೇಳಿಕೊಳ್ಳುತ್ತೇನೆ. ಈ ವರ್ಷ ಹುಣ್ಣಿಮೆಗೆ ಎರಡು ದಿನ ಮೊದಲು ನೆರೆಮನೆಯ ಹಾಲಮ್ಮ ಬಂದು, "ಗೇಟಿನ್ ಮೇಲೆ ಹೋಗ್ಬ್ಯಾಡ್ರಿ, ಕೆಳಗೆ ಹಳ್ಳದಾಗೆ ತೊಡೆಮಟ ನೀರೈತೆ ಅಷ್ಟೆ, ದಾಟ್ಕಂಡ್ ಹೋಗಿ" ಎಂದು ಗುತ್ಯಮ್ಮನಿಗೆ ಬುದ್ಧಿ ಹೇಳಿದಳು. ಗುತ್ಯಮ್ಮನೂ ಹೂಂ ಎಂದಿದ್ದಳು. ಬೇಡವೆಂದವನು ನಾನು. ಕಳ್ಳರ ಹಾಗೆ ಹಳ್ಳ ಹಾರುವುದೇಕೆ, ಕಾಲ ಬದಲಾಗಿದೆ, ಸರ್ಕಾರವೇ ದಾರಿ ಬಿಡು ಎಂದು ಅಚ್ಚುಹಾಕಿಸಿದೆ ಎಂದು ಭಾಷಣ ಮಾಡಿ, ಮಿಕ್ಕಿದ ಚೀಟಿಗೆ ಅನ್ನದ ಅಂಟು ಹಚ್ಚಿ ನಮ್ಮ ಬುಟ್ಟಿಯ ಕಂಠಕ್ಕೆ ಮೆತ್ತಿದೆ. ಮುಳುಗಡೆಯಲ್ಲಿ ನಾನು ಬರೆದ ನೂರಾರು ಅರ್ಜಿಗಳಲ್ಲಿ ಹತ್ತಕ್ಕೂ ಉತ್ತರ ಬರಲಿಲ್ಲ. ಆದರೂ ಮೊಹರು ಕಂಡರೆ ನಂಬುವ ಚಾಳಿ ನನ್ನನ್ನು ಬಿಟ್ಟಿರಲಿಲ್ಲ.

ಹುಣ್ಣಿಮೆಯ ದಿನ ಮೊದಲ ಕೋಳಿ ಕೂಗಿದಾಗ ಹೊರಟೆವು. ಗುತ್ಯಮ್ಮನ ತಲೆಯ ಮೇಲೆ ಬುಟ್ಟಿ, ನನ್ನ ಕೈಯಲ್ಲಿ ದೊಂದಿ. ತಾವು ಎಂದಿನಂತೆ ಹಾಲವಾಣ ಮರದ ಕವೆಗಂಬದಲ್ಲಿ ತಲೆಯಿಟ್ಟು ಮಲಗಿದ್ದಿರಿ. ಹಳೆಯ ಕಂಬ ಗೆದ್ದಲು ತಿಂದು ಬಿದ್ದಮೇಲೆ ಈ ಮಳೆಗಾಲದಲ್ಲಿ ಬೆಳ್ಳಪ್ಪನೇ ಕಡಿದು ತಂದು ನೆಟ್ಟ ಕಂಬ ಅದು. ಬೆಳ್ಳಪ್ಪ ಕೆಟ್ಟವನಲ್ಲ, ನಮ್ಮವನೇ; ಅವನ ಮನೆಯಾಕೆಯೂ ಆ ಹೊತ್ತಿಗೆ ಈ ಕಡೆಯೇ ಇರುವ ಅವರ ಗದ್ದೆಗೆ ಚರಗ ಹೊತ್ತಿದ್ದಳು. ಅವನು ಲಾಟೀನು ಎತ್ತಿ ಚೀಟಿಯನ್ನು ನಾನು ಓದದ ಸಣ್ಣ ಅಕ್ಷರಗಳ ತನಕ ಓದಿದ. ಅಲ್ಲಿ 'ಖಾಲಿ ಬುಟ್ಟಿ, ಒಂದು' ಎಂದಿತ್ತು. ಆಮೇಲೆ ಗೇಟಿನ ಕಟ್ಟಳೆಯ ಪುಸ್ತಕ ತೆಗೆದ. ಅದರಲ್ಲಿ 'ಭತ್ತ, ಅಕ್ಕಿ ಮತ್ತು ಅಕ್ಕಿಯಿಂದಾದ ಪದಾರ್ಥಗಳು' ಎಂದಿತ್ತು. "ಬುಟ್ಟಿ ಹೋಗ್ಬೋದು ಮಾಸ್ತಣ್ಣ, ಒಳಗಿಂದು ಹೋಗಾಕಿಲ್ಲ. ನಾ ಏನ್ ಮಾಡ್ಲಿ, ಹಿಂದಿನ್ ವಾರ ಒಬ್ಬನ್ನ ಬಿಟ್ಟಿದ್ಕೆ ಕೆಲ್ಸಕ್ಕೇ ಕುತ್ತು ಬಂದಿತ್ತು" ಎಂದು ಅವನು ನೆಲ ನೋಡಿಕೊಂಡು ಹೇಳಿದ. ಊಟ ಯಾರಿಗೆ, ಅವರ ಪಡಿತರ ಚೀಟಿ ಯಾವ ತಾಲ್ಲೂಕಿನದು ಎಂದು ಬರೆದುಕೊಳ್ಳಬೇಕಾಗಿತ್ತು. ಬಸುರಿಗೆ ಎಂದೆ. ಹೆಸರೇನೆಂದು ಅವನು ಕೇಳಲಿಲ್ಲ, ಬರೆಯಲೂ ಇಲ್ಲ. ಅಷ್ಟು ಮರ್ಯಾದೆಯನ್ನು ಅವನು ಉಳಿಸಿದ.

ಗುತ್ಯಮ್ಮ ತಮ್ಮೆದುರು ಬುಟ್ಟಿ ಹೊತ್ತು ನಿಂತೇ ಇದ್ದಳು. ಮಾತಾಡುವಂತಿಲ್ಲ, ಹಿಂದೆ ತಿರುಗುವಂತಿಲ್ಲ, ಇಳಿಸುವಂತಿಲ್ಲ. ಹಳ್ಳದ ದಾರಿ ಹಿಡಿಯಬೇಕೆಂದರೂ ಅರ್ಧ ಮೈಲಿ ಹಿಂದೆ ಬರಬೇಕಿತ್ತು. ನಾನು ಮಾತಾಡಿದೆ, ಬೇಡಿದೆ, ಪತ್ರಿಕೆಯಲ್ಲಿ ಬಂದ ಭಾಷಣಗಳನ್ನು ತಮಗೂ ಬೆಳ್ಳಪ್ಪನಿಗೂ ಮತ್ತೊಮ್ಮೆ ಒಪ್ಪಿಸಿದೆ. ಆ ಕಡೆಯ ಗದ್ದೆಗಳಲ್ಲಿ ಒಂದೊಂದಾಗಿ ದೊಂದಿಗಳು ಕಾಣಿಸಿ, ಭೂಮಿತಾಯಿಯನ್ನು ಉಣ್ಣಲು ಕರೆಯುವ ಕೂಗುಗಳು ಕೇಳಿಸಿದವು. ನಮ್ಮ ಹದಿನೆಂಟು ಗುಂಟೆಯ ದಿಕ್ಕು ಮಾತ್ರ ಕತ್ತಲಾಗಿತ್ತು. ಅವಳ ಕುತ್ತಿಗೆಯ ನರ ಬಿಗಿದು ನಡುಗುತ್ತಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು, ನನ್ನ ಕಡೆ ಅವಳು ನೋಡಲೇ ಇಲ್ಲ. ಮಾನ್ಯರೇ, ನನಗೆ ಅಷ್ಟು ನಾಚಿಕೆ ಮುಳುಗಡೆಯಲ್ಲಿ ಮನೆ ಬಿಟ್ಟು ಬಂದ ದಿನವೂ ಆಗಿರಲಿಲ್ಲ.

ಪೂರ್ವ ಕೆಂಪಾಗುತ್ತಲೂ ಅವಳೇ ಮುಂದೆ ನಡೆದಳು. ತಮ್ಮ ಕವೆಗಂಬದ ಬುಡಕ್ಕೆ ಬಂದು, ಬುಟ್ಟಿಯನ್ನು ತಲೆಯಿಂದ ಸೊಂಟಕ್ಕೆ ತಂದು, ಚರಗವನ್ನು ಹಿಡಿ ಹಿಡಿಯಾಗಿ ತೆಗೆದು ಆ ಬುಡಕ್ಕೇ ಬೀರಿದಳು. ಬಾಳೆ ಎಲೆಯಲ್ಲಿ ಬಡಿಸುವಂತೆ ಬಡಿಸಿದಳು, ಚೆಲ್ಲಲಿಲ್ಲ. ಮಣ್ಣಿಗೆ ತಾಲ್ಲೂಕಿಲ್ಲ ಎಂದು ಅವಳು ಅಂದುಕೊಂಡಳೋ, ಹಸಿದು ಎದುರು ಕುಳಿತವರಿಗೆ ಇಡದೆ ಹೋಗಬಾರದು ಎಂದುಕೊಂಡಳೋ ನನಗೆ ಗೊತ್ತಿಲ್ಲ. ಮಿಕ್ಕ ಕಡುಬುಗಳನ್ನು ಬೆಳ್ಳಪ್ಪನ ಕೈಗೆ ಹಾಕಿದಳು. ಅವನು ಎರಡೂ ಕೈಯೊಡ್ಡಿ ತೆಗೆದುಕೊಂಡು ಅತ್ತ ತಿರುಗಿ ತಿಂದ. ಬುಟ್ಟಿ ಬರಿದಾಯಿತು. ಬರಿದಾದದ್ದೇ ತಡ, ಅದು ಚೀಟಿಯಲ್ಲಿ ಬರೆದಂತೆ ರಫ್ತಿನ ಸರಕಾಯಿತು, ತಾವು ಕಿರ್ರೆಂದು ಆಕಾಶಕ್ಕೆ ಎದ್ದಿರಿ. ಮುಳುಗಡೆಯಲ್ಲಿ ಗದ್ದೆ ಕಳೆದುಕೊಂಡ ಗುತ್ಯಮ್ಮ, ಸರ್ಕಾರಿ ಮರ್ಯಾದೆಯೊಡನೆ ಖಾಲಿ ಬುಟ್ಟಿ ಹೊತ್ತು ಹೊಸನಗರ ತಾಲ್ಲೂಕನ್ನು ಪ್ರವೇಶಿಸಿದಳು.

ಮುಂದಿನದು ತಪ್ಪೊಪ್ಪಿಗೆ, ದಯವಿಟ್ಟು ಪುಸ್ತಕ ತೆರೆದು ಬರೆದುಕೊಳ್ಳತಕ್ಕದ್ದು. ಗದ್ದೆಯ ಮೂಲೆಯಲ್ಲಿ ಕೂತು ಅವಳು ಮಡಿಲಿನ ಗಂಟು ಬಿಚ್ಚಿದಳು. ಅದರಲ್ಲಿ ಒಂದು ಕೊಟ್ಟೆ ಕಡುಬಿತ್ತು. ಯಾವಾಗ ಕಟ್ಟಿಕೊಂಡಳೋ ನಾನು ಕಂಡಿಲ್ಲ, ಬೆಳ್ಳಪ್ಪ ಕಂಡಿಲ್ಲ, ಹೆಂಗಸಿನ ಮಡಿಲು ಬಿಚ್ಚಿಸುವ ಕಟ್ಟಳೆ ಅದೃಷ್ಟವಶಾತ್ ಪುಸ್ತಕದಲ್ಲಿಲ್ಲ. ಗುಣಿ ತೆಗೆದು, ಅದನ್ನು ಇಟ್ಟು, ಮಣ್ಣು ಮುಚ್ಚಿ, ಆ ದಿನದ ಮೊದಲ ಮಾತು ಆಡಿದಳು: "ಇಷ್ಟೇ ತರಾಕಾತು ಕಣೇ ನಮ್ಮವ್ವ. ಬ್ಯಾಸ್ರ ಮಾಡ್ಕಬ್ಯಾಡ." ಆಮೇಲೆ ಬದುವಿನ ಮೇಲೆ ಕೂತು ಅತ್ತಳು. ನಾನು ಖಾಲಿ ಬುಟ್ಟಿಯನ್ನು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ.

ಕಳೆದ ವಾರ ಸಾಹೇಬರ ಕಾಗದ ಬಂದಿದೆ. ಬುಟ್ಟಿಗಳು ಹಡಗು ಹತ್ತಿದವಂತೆ, ಮಾದರಿ ನೋಡಿದವರು ಮೆಚ್ಚಿ ಇನ್ನೂರು ಕೇಳಿದ್ದಾರಂತೆ, ಕಟ್ಟಳೆಗಳೆಲ್ಲ ಸಡಿಲವಾಗಿರುವ ಈ ಸುಸಂದರ್ಭವನ್ನು ಕಂಚಿಹಳ್ಳದ ಮಹಿಳೆಯರು ಬಳಸಿಕೊಳ್ಳಬೇಕಂತೆ. ಗುತ್ಯಮ್ಮನಿಗೆ ಓದಿ ಹೇಳಿದೆ. ಅವಳು ಅಕ್ಕಿ ಕೇರುತ್ತಿದ್ದ ಮೊರವನ್ನು ನಿಲ್ಲಿಸದೆ, "ತುಂಬಿದ್ ಬುಟ್ಟಿ ಗೇಟು ದಾಟೋಗಂಟ ಖಾಲಿ ಬುಟ್ಟಿಗೆ ನಾ ಗೆರೆ ಎಳ್ಯಾದಿಲ್ಲ ಅಂತ ಬರೀರಿ" ಎಂದಳು. ಕೇರಿಯ ಹೆಂಗಸರೂ ಅವಳ ಮಾತಿಗೇ ಕಟ್ಟುಬಿದ್ದು ಕುಂಚಗಳನ್ನು ಮಾಡಿನ ಸಂದಿಗೆ ಸಿಕ್ಕಿಸಿದ್ದಾರೆ. ಹೀಗೆ ದೇಶಕ್ಕೆ ಬರಬೇಕಾದ ವಿದೇಶೀ ಹಣ ಒಂದು ಕಡುಬಿನ ದೆಸೆಯಿಂದ ನಿಂತುಹೋಗಿದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರೆ. ದೇಶದ ಮಟ್ಟದಲ್ಲಿ ಅದನ್ನು ಏನೆನ್ನುತ್ತಾರೋ ಸಾಹೇಬರನ್ನು ಕೇಳಬೇಕು.

ಆದಕಾರಣ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಹೊಸನಗರ ತಾಲ್ಲೂಕನ್ನು ಕೂಡಲೇ ಪರದೇಶವೆಂದು ಸಾರಬೇಕು. ಹಾಗೆ ಸಾರಿದರೆ ನಮ್ಮ ಚರಗವೂ ರಫ್ತಿನ ಸರಕಾಗಿ ತಮ್ಮ ಸಲಾಮಿಗೆ ಪಾತ್ರವಾಗುತ್ತದೆ, ಗದ್ದೆಯು ಅದಕ್ಕೆ ಪ್ರತಿಯಾಗಿ ಕೊಡುವ ಭತ್ತವು ವಿದೇಶೀ ಗಳಿಕೆಯೆಂದು ಎಣಿಸಲ್ಪಡುತ್ತದೆ. ಬಂದರಿನ ಚಿಂತೆ ಬೇಡ, ಹೊನ್ನೆಮರಡಿನಿಂದ ಈಚೆಗೆ ಎಲ್ಲಿ ನೋಡಿದರೂ ಸರ್ಕಾರವೇ ನಿಲ್ಲಿಸಿದ ನೀರಿದೆ, ಒಂದು ಹಡಗು ಕಳಿಸಿದರೆ ಸಾಕು. ಅದು ಆಗದಿದ್ದಲ್ಲಿ ಬಸುರಿ ಭೂಮಿಗೆ ಒಂದು ಪಡಿತರ ಚೀಟಿ ಮಾಡಿಸಿಕೊಡಬೇಕು. ಗಂಡನ ಹೆಸರಿನ ಜಾಗದಲ್ಲಿ ಮಳೆರಾಯ ಎಂದು ಬರೆಯಬಹುದು, ಅವನು ಹೆಚ್ಚಾಗಿ ಮನೆಯಲ್ಲಿರುವುದಿಲ್ಲ. ಅದೂ ಆಗದಿದ್ದಲ್ಲಿ ತಮ್ಮನ್ನೇ ರಫ್ತು ಮಾಡುವಂತೆ ಸಾಹೇಬರಿಗೆ ಶಿಫಾರಸು ಮಾಡಲು ಅಪ್ಪಣೆ ಕೊಡಬೇಕು. ಲೋಕದ ಮಾರುಕಟ್ಟೆಯಲ್ಲಿ ತಮಗೆ ಸರಿಸಾಟಿ ಇರಲಾರದು, ತಮ್ಮನ್ನು ಕೊಂಡ ದೇಶ ಮತ್ತೆ ನಮ್ಮೊಡನೆ ಪೈಪೋಟಿಗೆ ನಿಲ್ಲಲಾರದು. ಖಾಲಿ ಇರುವುದರಿಂದ ಹೋಗಲು ಪರವಾನಗಿಯೂ ಬೇಡ.

ಕೊನೆಯದಾಗಿ ಒಂದು ಸಣ್ಣ, ನಿಜವಾದ ಬೇಡಿಕೆ. ಬರುವ ವಾರ ನಮ್ಮ ಕೊಯ್ಲು. ಆ ದಿನ ಹೂತ ಕಡುಬನ್ನು ಅಗೆದು ಮನೆಗೆ ತರಬೇಕು. ಅದು ಅಕ್ಕಿಯಿಂದಾದ ಪದಾರ್ಥ, ಈಗ ಹೊಸನಗರ ತಾಲ್ಲೂಕಿನ ನಿವಾಸಿ, ಸಾಗರಕ್ಕೆ ಬರಬೇಕಾದದ್ದು. ಗುತ್ಯಮ್ಮನ ಮಡಿಲಿನಲ್ಲಿ ಕದ್ದು ತರಲು ನನಗೆ ಮನಸ್ಸಿಲ್ಲ; ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು, ತಲೆಯೆತ್ತಿ ರಸ್ತೆಯ ನಡುವೆ ಬರುತ್ತಾಳೆ. ಆ ಹೊತ್ತಿಗೆ ತಾವು ಒಮ್ಮೆ, ಯಾವ ಚೀಟಿಯನ್ನೂ ಕೇಳದೆ, ಏಳಬೇಕು.

ಬಗ್ಗಿ ಬಗ್ಗಿ ಸೊಂಟ ಹಿಡಿದಿರುವ
ತಮ್ಮ ವಿಶ್ವಾಸಿ,
ಮಾಸ್ತಪ್ಪ

ತಾ.ಕ.: ಇದನ್ನು ಮಡಿಸುವ ಹೊತ್ತಿಗೆ ಬೆಳ್ಳಪ್ಪ ಬಂದು ಒಂದು ಸಂಗತಿ ತಿಳಿಸಿದ. ಚರಗ ಉಂಡ ತಮ್ಮ ಕವೆಗಂಬ ಚಿಗುರಿದೆ. ಕಡಿದು ನೆಟ್ಟ ಹಾಲವಾಣ ಚಿಗುರುವುದು ಸಹಜವೇ, ಆದರೆ ಒಂದೇ ತಿಂಗಳಲ್ಲಿ ಗೇಣುದ್ದ ಕುಡಿ ಬಂದಿದೆಯಂತೆ. ಇನ್ಸ್‌ಪೆಕ್ಟರರು ಕಿತ್ತು ಬೇರೆ ನೆಡಿಸಬೇಕೆಂದರೆ, ಬೇರು ಬಿಟ್ಟ ಹಸಿಮರ ಕೀಳಲು ಕಾಡಿನ ಇಲಾಖೆಯ ಪರವಾನಗಿ ಬೇಕೆಂದು ಗಾರ್ಡು ತಡೆದಿದ್ದಾನೆ. ದೇಶದ ಬಾಗಿಲುಗಳೆಲ್ಲ ತೆರೆಯುತ್ತಿವೆ ಎನ್ನುವ ಕಾಲದಲ್ಲಿ ತಾವು ಬೇರು ಬಿಟ್ಟಿದ್ದಕ್ಕೆ ಅಭಿನಂದನೆಗಳು. ಗುತ್ಯಮ್ಮನಿಗೆ ಹೇಳಿದೆ. ಈ ವರ್ಷ ನೂರೊಂದು ಕುಡಿಯಲ್ಲಿ ಒಂದು ಕಡಿಮೆ ಬಿದ್ದಿತ್ತಂತೆ. ಮುಂದಿನ ಸೀಗೆ ಹುಣ್ಣಿಮೆಗೆ ಅದನ್ನು ತಮ್ಮ ಕಂಬದಿಂದಲೇ ಚಿವುಟಿ ಚರಗಕ್ಕೆ ಹಾಕುತ್ತಾಳಂತೆ. ಸೊಪ್ಪಿಗೆ ಪರವಾನಗಿ ಬೇಡ, ಬೆಳ್ಳಪ್ಪನಿಂದ ಪುಸ್ತಕ ತೆಗೆಸಿ ನೋಡಿಸಿದ್ದೇವೆ.